ಮೂರನೆಯ ಗೇರಿನ ಹಲ್ಲುನೋವು

"ಹಲ್ಲು ಹೋಗಿದೆಯೆಂದು ನೀನೇ ಹೇಗಯ್ಯ ತೀರ್ಮಾನಿಸಿದೆ?" ಎಂದು ರಾಮಣ್ಣ ಮೇಷ್ಟ್ರು ಕೇಳಿದರು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ನಾಲಗೆಯಿಂದ ಒಮ್ಮೆ ಸರಿಪಡಿಸಿಕೊಂಡು ಕೇಳಿದ್ದರಿಂದ ಆ ಪ್ರಶ್ನೆಗೆ ಅನುಭವದ ತೂಕವಿತ್ತು.

ಭಾನುವಾರ ಬೆಳಿಗ್ಗೆ ಸರಸ್ವತೀಪುರದ ಸೀನುವಿನ ಮನೆಯ ಜಗಲಿಯಲ್ಲಿ ಕಾಫಿಗಾಗಿ ಸೇರುವುದು ನಮ್ಮ ಬಹುಕಾಲದ ಪದ್ಧತಿ. ಆ ದಿನ ಮಾತ್ರ ನಮ್ಮ ಕುರ್ಚಿಗಳೆಲ್ಲ ಅಂಗಳಕ್ಕೆ ಇಳಿದಿದ್ದವು. ಜಗಲಿಯ ಮೇಲೆ ಹರಿದ ಪಂಚೆಯೊಂದನ್ನು ಹಾಸಿಕೊಂಡು ಅವನ ತಂದೆಯ 1981ರ ಯೆಜ್ಡಿ ಮೋಟಾರ್ ಸೈಕಲ್ಲಿನ ಎಂಜಿನ್ನು ಮಲಗಿತ್ತು.

"ಚಾಮುಂಡಿ ಬೆಟ್ಟ ಹತ್ತುವಾಗ ಮೂರನೆಯ ಗೇರು ತಾನಾಗಿಯೇ ಬಿಟ್ಟುಕೊಳ್ಳುತ್ತದೆ ಮೇಷ್ಟ್ರೇ. ಇಳಿಯುವಾಗ ತೊಂದರೆಯಿಲ್ಲ, ಉಳಿದ ಗೇರುಗಳಲ್ಲಿಯೂ ತೊಂದರೆಯಿಲ್ಲ. ಎಲ್ಲ ಗೇರುಗಳೂ ಹಾಗೆ ಬಿಟ್ಟುಕೊಂಡರೆ ಕ್ಲಚ್ಚಿನ ಸೆಟ್ಟಿಂಗನ್ನೋ ಗೇರು ತಡೆದು ಹಿಡಿಯುವ ಸ್ಪ್ರಿಂಗನ್ನೋ ಅನುಮಾನಿಸಬೇಕು. ಭಾರ ಬಿದ್ದಾಗ ಒಂದೇ ಒಂದು ಗೇರು ಬಿಟ್ಟುಕೊಂಡರೆ ಅದರ ಡಾಗುಗಳ ಮೂಲೆ ಸವೆದು ಗುಂಡಗಾಗಿದೆ ಅಥವಾ ಗೇರನ್ನು ಸರಿಸುವ ಸೆಲೆಕ್ಟರ್ ಫೋರ್ಕು ಬಾಗಿದೆ ಎಂದರ್ಥ. ನಾನು ಹದಿನಾಲ್ಕು ವೀಡಿಯೋಗಳನ್ನು ನೋಡಿದ್ದೇನೆ," ಎಂದು ಸೀನು ಒಂದೇ ಉಸಿರಿನಲ್ಲಿ ಒಪ್ಪಿಸಿದನು.

"ಡಾಗು ಎಂದರೆ ನಾಯಿಯಲ್ಲವೇ?" ಎಂದು ನಂಜುಂಡ ಕೇಳಿದನು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲ ಕೊಟ್ಟವನಾದ್ದರಿಂದ ಅವನಿಗೆ ಪ್ರತಿಯೊಂದು ಶಬ್ದದ ಮೇಲೂ ಸಂಶಯ.

"ನಾಯಿಯೇ," ಎಂದೆ ನಾನು. "ಗೇರಿನ ಪಕ್ಕದಲ್ಲಿ ನಾಲ್ಕಾರು ದಪ್ಪ ಹಲ್ಲುಗಳು ಎದ್ದಿರುತ್ತವೆ, ಅವು ಪಕ್ಕದ ಗೇರನ್ನು ಕಚ್ಚಿ ಹಿಡಿದರೆ ಮಾತ್ರ ಗಾಡಿ ಎಳೆಯುತ್ತದೆ. ಸೀನುವಿನ ಮೂರನೆಯ ಗೇರು ಇಷ್ಟು ವರ್ಷ ಗುಯ್ ಎಂದು ಸದ್ದು ಮಾಡುತ್ತಿದೆ, ಆದರೆ ಹಿಡಿದುಕೊಳ್ಳುತ್ತಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಕಟ್ಟಿದವನ ಹತ್ತಿರ ಖಂಡಿತವಾಗಿ ಹಳೆಯ ಯೆಜ್ಡಿ ಇತ್ತು."

ಈ ರಿಪೇರಿಯ ಹುಚ್ಚಿನ ಬಗ್ಗೆ ನನಗಿರುವ ತಕರಾರನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಿಂದೆ ಗಾಡಿ ಕೆಟ್ಟರೆ ರಿಪೇರಿ ಮಾಡಿಸುತ್ತಿದ್ದರು. ಈಗ ರಿಪೇರಿ ಮಾಡಬೇಕೆಂಬ ಇವರ ಆಸೆಯನ್ನು ತೀರಿಸುವುದಕ್ಕಾಗಿ ಗಾಡಿಯೇ ದೊಡ್ಡ ಮನಸ್ಸು ಮಾಡಿ ಕೆಡಬೇಕಾಗಿದೆ. ನನ್ನ ಪರಿಚಯದವರಲ್ಲಿಯೇ ಮೂವರು ತಮ್ಮ ತಂದೆಯವರ ಗಾಡಿಗಳನ್ನು ಬಿಚ್ಚಿಟ್ಟಿದ್ದಾರೆ. ಅವುಗಳ ಫೋಟೋಗಳನ್ನು ನೋಡಿದ್ದೇನೆಯೇ ಹೊರತು ಅವು ರಸ್ತೆಗಿಳಿದದ್ದನ್ನು ನೋಡಿಲ್ಲ.

"ಒಂದು ಹಲ್ಲು ನೋಡುವುದಕ್ಕೆ ಇಷ್ಟೆಲ್ಲ ಬಿಚ್ಚಬೇಕಿತ್ತೇ? ನಮ್ಮ ಡಾಕ್ಟರು ಬಾಯಿ ತೆರೆಯಿರಿ ಎನ್ನುತ್ತಾರೆ, ನಾವು ತೆರೆಯುತ್ತೇವೆ," ಎಂದರು ಮೇಷ್ಟ್ರು.

"ಇದರ ರಚನೆಯೇ ಹಾಗೆ ಮೇಷ್ಟ್ರೇ. ಗೇರುಗಳೂ ಪಿಸ್ಟನ್ನು ತಿರುಗಿಸುವ ಕ್ರಾಂಕೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ, ಆ ಪೆಟ್ಟಿಗೆ ಎಡ ಬಲ ಎಂದು ಎರಡು ಹೋಳಾಗುತ್ತದೆ. ಎಂಜಿನ್ನನ್ನು ಫ್ರೇಮಿನಿಂದ ಇಳಿಸಿ, ಸಿಲಿಂಡರು, ಕ್ಲಚ್ಚು, ಮ್ಯಾಗ್ನೆಟ್ಟು ಎಲ್ಲವನ್ನೂ ತೆಗೆದ ಮೇಲೆಯೇ ಗೇರಿನ ದರ್ಶನ."

"ಅಂದರೆ ಹಲ್ಲು ಕೀಳುವುದಕ್ಕೆ ಹೊಟ್ಟೆ ಕೊಯ್ಯಬೇಕು," ಎಂದೆ. "ಇಂಥ ಡಾಕ್ಟರು ಹದಿನಾಲ್ಕು ವೀಡಿಯೋ ನೋಡಿ ಬಂದಿದ್ದಾನೆಂದು ತಿಳಿದಿದ್ದರೆ ಮೇಷ್ಟ್ರು ಬಾಯಿ ತೆರೆಯುತ್ತಿದ್ದರೇ?"

ಸೀನು ನನ್ನ ಮಾತನ್ನು ಗಮನಿಸದೆ, ಹೋಳುಗಳನ್ನು ಬಿಡಿಸುವಾಗ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಬಾರದೆಂದೂ, ಮೀಟಿದರೆ ಅಲ್ಯೂಮಿನಿಯಮ್ಮಿಗೆ ಗೀರು ಬಿದ್ದು ಅಲ್ಲಿಂದ ಜೀವಮಾನವಿಡೀ ಆಯಿಲು ಸೋರುತ್ತದೆಂದೂ ವಿವರಿಸತೊಡಗಿದನು. ಅಷ್ಟರಲ್ಲಿ ಒಳಗಿನಿಂದ ಗಿರಿಜಮ್ಮ ಬಂದು, "ಇವರು ಬೇರಿಂಗನ್ನು ಎಲ್ಲಿಟ್ಟಿದ್ದಾರೆ ಎಂದು ಕೇಳಿ," ಎಂದು ನಮ್ಮನ್ನೇ ಸಾಕ್ಷಿಗೆ ಕರೆದರು.

ಬೇರಿಂಗು ಫ್ರೀಜರಿನಲ್ಲಿತ್ತು. ಸೊಗಡು ಅವರೆಯ ಕಾಲದಲ್ಲಿ ಹಿದುಕಿ, ಡಬ್ಬಿಯಲ್ಲಿ ತುಂಬಿ, ನೆಂಟರು ಬಂದಾಗ ಮಾತ್ರ ತೆಗೆಯಬೇಕೆಂದು ಇಟ್ಟಿದ್ದ ಅವರೆಬೇಳೆಯ ಪಕ್ಕದಲ್ಲಿ ಅದು ತಣ್ಣಗೆ ಕುಳಿತಿತ್ತು. ತಣಿದ ಬೇರಿಂಗು ಕೂದಲೆಳೆಯಷ್ಟು ಕುಗ್ಗುತ್ತದೆ, ಬಿಸಿ ಮಾಡಿದ ಅಲ್ಯೂಮಿನಿಯಂ ಪೆಟ್ಟಿಗೆ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ, ಸುತ್ತಿಗೆ ಮುಟ್ಟದೆ ಒಂದರೊಳಗೆ ಇನ್ನೊಂದು ಇಳಿದುಬಿಡುತ್ತದೆ ಎಂಬುದು ಸೀನುವಿನ ಸಮರ್ಥನೆ. ಅದು ನಿಜವೂ ಹೌದು. ಒಳ್ಳೆಯ ಮೆಕ್ಯಾನಿಕ್ಕುಗಳು ಮಾಡುವುದೂ ಹಾಗೆಯೇ. ಆದರೆ ಅವರು ಪೆಟ್ಟಿಗೆಯನ್ನು ಹೆಂಡತಿ ಬಿಸ್ಕತ್ತು ಬೇಯಿಸುವ ಓವನ್ನಿನಲ್ಲಿಡುವುದಿಲ್ಲ.

"ಇಡ್ಲಿ ತಟ್ಟೆಯ ವಿಷಯವನ್ನೂ ಹೇಳಿ," ಎಂದರು ಗಿರಿಜಮ್ಮ.

ಶಾಫ್ಟಿನಿಂದ ಕಳಚಿದ ವಾಷರು, ಸರ್ಕ್ಲಿಪ್ಪು, ಸಂದಿ ತುಂಬುವ ತೆಳು ಬಿಲ್ಲೆಗಳಾದ ಶಿಮ್ಮುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಜೋಡಿಸಿಡಬೇಕೆಂದು ಸೀನು ಇಡ್ಲಿ ಸ್ಟ್ಯಾಂಡಿನ ಒಂದೊಂದು ಕುಳಿಗೆ ಒಂದೊಂದು ಸಾಮಾನನ್ನು ಹಾಕಿಟ್ಟಿದ್ದನು. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ನಾನು ಯಾವ ವರ್ಕ್‌ಶಾಪಿನಲ್ಲಿಯೂ ನೋಡಿಲ್ಲವೆಂಬುದನ್ನು ಹೊಟ್ಟೆಕಿಚ್ಚಿಲ್ಲದೆ ಒಪ್ಪುತ್ತೇನೆ. ಶನಿವಾರ ಸಂಜೆ ಮರುದಿನದ ಇಡ್ಲಿಗೆ ತಟ್ಟೆ ಬೇಕಾಗಿ ಗಿರಿಜಮ್ಮ ಅವೆಲ್ಲವನ್ನೂ ಒಂದೇ ಬೋಗುಣಿಗೆ ಸುರಿದು, ತಟ್ಟೆಯನ್ನು ತೊಳೆದು ಕವುಚಿ ಹಾಕಿದ್ದರು.

"ಯಾವ ಶಿಮ್ಮು ಎಲ್ಲಿಯದೆಂದು ಇನ್ನು ಹೇಗೆ ತಿಳಿಯುತ್ತದೆ?" ಎಂದನು ನಂಜುಂಡ.

"ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ಶಾಫ್ಟಿನ ಆಟವನ್ನು ಅಳೆಯುತ್ತೇನೆ. ಆಟ ಹೆಚ್ಚಾದರೆ ಗೇರು ಬಿಟ್ಟುಕೊಳ್ಳುತ್ತದೆ, ತೀರ ಬಿಗಿಯಾದರೆ ಶಾಫ್ಟೇ ತಿರುಗುವುದಿಲ್ಲ."

"ಹಲ್ಲಿನ ಸೆಟ್ಟೂ ಹಾಗೆಯೇ," ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಸಡಿಲವಾದರೆ ಚಕ್ಕುಲಿಯಲ್ಲಿ ಉಳಿದುಕೊಳ್ಳುತ್ತದೆ, ಬಿಗಿಯಾದರೆ ಒಸಡು ಹುಣ್ಣಾಗುತ್ತದೆ. ನನ್ನದನ್ನು ನಾಲ್ಕು ಸಲ ತಿದ್ದಿಸಿದೆ."

ಹೊಸ ಗೇರುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದ ಮೇಲೆ ಸಿಕ್ಕಿದ್ದವು. ಒಂದನ್ನೇ ಬದಲಾಯಿಸಿದರೆ ಹೊಸ ಹಲ್ಲೂ ಸವೆದ ಹಲ್ಲೂ ಹೊಂದಿಕೊಳ್ಳದೆ ಎರಡೂ ಬೇಗ ಹಾಳಾಗುತ್ತವೆಂದು ಸೀನು ಜೋಡಿಯಾಗಿಯೇ ತಂದಿದ್ದನು. "ಅಪ್ಪಟ ಕಂಪನಿಯ ಮಾಲು ಎಂದು ಅಂಗಡಿಯವರು ಆಣೆ ಮಾಡಿದರು," ಎಂದನು.

"ಆ ಕಂಪನಿ ನಮ್ಮ ಯಾದವಗಿರಿಯಲ್ಲಿಯೇ ಇತ್ತು, 1996ರಲ್ಲಿ ಬಾಗಿಲು ಹಾಕಿತು," ಎಂದೆ. "ನಿನಗಾಗಿ ಮೊನ್ನೆ ಎರಡು ಗೇರು ಮಾಡಿ ಕಳುಹಿಸಿತೆಂದರೆ ಅದರ ಸೇವಾಮನೋಭಾವವನ್ನು ಮೆಚ್ಚಬೇಕು."

ಯಾದವಗಿರಿಯ ಹೆಸರು ಬಂದೊಡನೆ ಮಾತು ಬೇರೆ ದಾರಿ ಹಿಡಿಯಿತು. 1961ರಲ್ಲಿ ಜಾವಾ ಎಂಬ ಹೆಸರಿನಿಂದ ಗಾಡಿಗಳನ್ನು ಮಾಡಲು ಶುರುಮಾಡಿದ ಐಡಿಯಲ್ ಜಾವಾ ಕಾರ್ಖಾನೆ 1973ರ ಹೊತ್ತಿಗೆ ಅವುಗಳನ್ನು ಯೆಜ್ಡಿ ಎಂದು ಕರೆಯತೊಡಗಿತ್ತು. ಅಲ್ಲಿ ದುಡಿದು ಹೊರಬಂದವರೊಬ್ಬರು ನಮ್ಮ ಬಡಾವಣೆಯಲ್ಲಿಯೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿ, "ಇನ್ನೂ ಎರಡು ವರ್ಷ ಓಡುತ್ತದೆ, ಬಿಚ್ಚಬೇಡಿ," ಎಂದು ಕಳುಹಿಸಿಬಿಡುತ್ತಿದ್ದರು. ಬಿಚ್ಚಬೇಡಿ ಎನ್ನುವ ವೀಡಿಯೋವನ್ನು ಈವರೆಗೆ ಯಾರೂ ಮಾಡಿಲ್ಲ. ಅವರು ಹೋದ ಮೇಲೆ ಆ ಶೆಡ್ಡಿನಲ್ಲಿ ಮೊಬೈಲಿನ ಗಾಜು ಬದಲಾಯಿಸುವ ಅಂಗಡಿ ಬಂದಿದೆ.

"ಅವರಿದ್ದಿದ್ದರೆ ನಾನೇಕೆ ಬಿಚ್ಚುತ್ತಿದ್ದೆ?" ಎಂದನು ಸೀನು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬೋಗುಣಿಯಲ್ಲಿ ಕೈಯಾಡಿಸುತ್ತ ಕುಳಿತೆ.

"ನಿಮ್ಮ ತಂದೆ ಕಚೇರಿಯಿಂದ ಬರುವಾಗ ಕಾಂತರಾಜ ಅರಸ್ ರಸ್ತೆಯಿಂದ ಈ ಕಡೆಗೆ ತಿರುಗಿದೊಡನೆ ಮೂರನೆಯ ಗೇರಿನ ಸದ್ದು ಕೇಳಿಸುತ್ತಿತ್ತು," ಎಂದರು ಮೇಷ್ಟ್ರು. "ನಿಮ್ಮ ತಾಯಿ ಆ ಸದ್ದಿಗೇ ಹಾಲನ್ನು ಒಲೆಯ ಮೇಲಿಡುತ್ತಿದ್ದರು. ಅವರು ಗಾಡಿ ನಿಲ್ಲಿಸಿ, ಬೂಟು ಬಿಚ್ಚಿ, ಮುಖ ತೊಳೆದು ಬರುವ ಹೊತ್ತಿಗೆ ಕಾಫಿ ಸಿದ್ಧವಾಗಿರುತ್ತಿತ್ತು. ಅವರ ಎಡಗಾಲಿನ ಬೂಟು ಮಾತ್ರ ಮೇಲ್ಭಾಗದಲ್ಲಿ ಬೆಳ್ಳಗೆ ಸವೆದಿರುತ್ತಿತ್ತು, ಆ ಗೇರಿನ ಕಡ್ಡಿ ತಾಗಿ ತಾಗಿ."

"ಕಿಕ್ಕಿಗೂ ಅದೇ ಕಡ್ಡಿ," ಎಂದನು ಸೀನು. "ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಕೆಳಗಿಳಿಸಿದರೆ ಗೇರು. ಅಪ್ಪ ನನಗೆ ಮೊದಲು ಕಲಿಸಿದ್ದೇ ಅದು."

ಮುಂದಿನ ಮೂರು ಭಾನುವಾರಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲನೆಯ ಸಲ ಜೋಡಿಸಿದಾಗ ಒಂದು ಶಿಮ್ಮು ಬೋಗುಣಿಯಲ್ಲಿಯೇ ಉಳಿಯಿತು. ಎರಡನೆಯ ಸಲ ಏನೂ ಉಳಿಯಲಿಲ್ಲ. ಆದರೆ ಕ್ಲಚ್ಚಿನ ಕಡೆಯಲ್ಲಿ ಆಯಿಲನ್ನು ತಡೆಯುವ ಕ್ರಾಂಕ್ ಸೀಲನ್ನು ಹಳೆಯದನ್ನೇ ಹಾಕಿದ್ದರಿಂದ ಗೇರ್ ಆಯಿಲನ್ನು ಎಂಜಿನ್ನು ಕುಡಿದು ಎರಡೂ ಸೈಲೆನ್ಸರುಗಳಿಂದ ಹೊಗೆ ಬಿಟ್ಟಿತು, ಎದುರು ಮನೆಯವರು ಸೊಳ್ಳೆಗೆ ಹೊಗೆ ಹಾಕುವ ನಗರಪಾಲಿಕೆಯವರು ಬಂದರೆಂದು ಕಿಟಕಿ ಮುಚ್ಚಿಕೊಂಡರು. ಮೂರನೆಯ ಸಲ ಸರಿಹೋಯಿತು. ಅಲ್ಲಿಗೆ ನನ್ನ ತಕರಾರಿನ ಅರ್ಧ ಬಲ ಹೋಯಿತೆಂದು ಒಪ್ಪಬೇಕು.

ಸೀನು ಬೆಟ್ಟ ಹತ್ತಿ ಇಳಿದು ಬಂದನು. ಜಗಲಿಯಲ್ಲಿ ನಾವು ಕಿವಿಗೊಟ್ಟು ಕುಳಿತಿದ್ದರೂ ಅವನು ತಿರುವಿಗೆ ಬಂದದ್ದು ತಿಳಿಯಲಿಲ್ಲ. ಗೇರು ಬಿಟ್ಟುಕೊಳ್ಳಲಿಲ್ಲ, ಗುಯ್ ಎನ್ನಲಿಲ್ಲ. ಗಾಡಿ ಗೇಟಿನ ಮುಂದೆ ಬಂದು ಸೌಮ್ಯವಾಗಿ ನಿಂತಿತು.

"ಗಿರಿಜಾ, ಹೊರಗೆ ಯಾರದೋ ಗಾಡಿ ಬಂದಿದೆ, ನೋಡಮ್ಮ," ಎಂದು ಒಳಗಿನಿಂದ ಸೀನುವಿನ ತಾಯಿಯ ಧ್ವನಿ ಕೇಳಿಸಿತು.

ಸೀನು ಗಾಡಿಯಿಂದ ಇಳಿಯದೆ ಹಾಗೆಯೇ ಕುಳಿತನು. ನಂಜುಂಡ ನನ್ನ ಮುಖ ನೋಡಿದನು. ನಾನು ಇಂಥ ಹೊತ್ತಿಗೆಂದು ಎರಡು ಒಳ್ಳೆಯ ಮಾತುಗಳನ್ನು ಯೋಚಿಸಿಟ್ಟುಕೊಂಡಿದ್ದೆ. ಅವೆರಡೂ ಬೋಗುಣಿಯಲ್ಲಿ ಉಳಿದ ಶಿಮ್ಮಿನಂತೆ ನನ್ನಲ್ಲಿಯೇ ಉಳಿದವು.

"ಹಲ್ಲು ಕಟ್ಟಿಸಿಕೊಂಡ ದಿನ ನಾನು ಮನೆಗೆ ಫೋನು ಮಾಡಿದರೆ ನಮ್ಮಾಕೆಯೂ, ತಾವು ಯಾರು ಮಾತನಾಡುತ್ತಿರುವುದು ಎಂದಿದ್ದಳು," ಎಂದರು ಮೇಷ್ಟ್ರು. "ಒಂದು ತಿಂಗಳಿನಲ್ಲಿ ಅಭ್ಯಾಸವಾಯಿತಯ್ಯ."

ಸೀನು ಇಳಿದು, ಗಾಡಿಯನ್ನು ಸ್ಟ್ಯಾಂಡು ಹಾಕಿ, ಬಾಗಿಲಿನ ಬಳಿ ನಿಂತು, "ಅಮ್ಮಾ, ನಾನೇ. ಹಾಲಿಡು," ಎಂದು ಕೂಗಿ ಹೇಳಿದನು.