ಹಳೆಯ ಟೈಲ್ಸ್ ಬಚ್ಚಲು, ಕೈಯಲ್ಲಿ 30 ಸಾವಿರ: ಒಡೆಯಬೇಕಾ, ಉಳಿಸಿಕೊಳ್ಳಬೇಕಾ?

ಕೇಳಿದವರು, ರಾಯಚೂರು

ಅಪ್ಪ 1990ರ ದಶಕದಲ್ಲಿ ಕಟ್ಟಿಸಿದ ಮನೆ. ಮೇಲೆ ಮಹಡಿ ಇಲ್ಲ. ಬಚ್ಚಲು 5 ಅಡಿಗೆ 7 ಅಡಿ. ಗೋಡೆಗೆ 4 ಅಡಿ ಎತ್ತರದವರೆಗೆ 8 ಇಂಚಿನ ತಿಳಿಗುಲಾಬಿ ಟೈಲ್ಸ್ ಇದೆ, ನಡುನಡುವೆ ಹೂವಿನ ಚಿತ್ರ. ಟೈಲ್ಸಿಗಿಂತ ಮೇಲಿನ ಗೋಡೆಯ ಬಣ್ಣ ಉದುರುತ್ತಿದೆ. ಸಂದಿಗಳೆಲ್ಲ ಕಪ್ಪಾಗಿವೆ. ನಳದ ಕೆಳಗೆ ಬೋರ್ ನೀರಿನ ಉಪ್ಪು ಬೆಳ್ಳಗೆ ಗಟ್ಟಿಯಾಗಿ ಕೂತಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನೆಲ ಜಾರುತ್ತದೆ, ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ಅವ್ವನಿಗೆ ಎಪ್ಪತ್ತು ದಾಟಿದೆ, ಅದೇ ದೊಡ್ಡ ಚಿಂತೆ.

ಗೌಂಡಿಯನ್ನು ಕರೆಸಿ ತೋರಿಸಿದೆ. "ಎಲ್ಲಾ ಒಡೆದು ಹೊಸದಾಗಿ ಮಾಡಿಬಿಡೋಣ" ಅಂದ. ಅವನು ಹೇಳಿದ ಲೆಕ್ಕ ನಮ್ಮ ಕೈಗೆ ಎಟಕುವುದಲ್ಲ. ನನ್ನ ಹತ್ತಿರ ಇರುವುದು 30 ಸಾವಿರ, ಮನೆಗೆ ಇರುವುದು ಒಂದೇ ಬಚ್ಚಲು. ಮಾಡಿಸಿದವರು ಹೇಳಿ, ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಬಿಡಬಹುದು?

ಬಳ್ಳಾರಿಯಿಂದ

ಒಡೆಯುವ ಮಾತು ಆಮೇಲೆ ಸರ್. ಮೊದಲು ಬಚ್ಚಲಿನ ಗೋಡೆಯ ಆಚೆ ಬದಿಗೆ ಹೋಗಿ ನೋಡಿ. ಅಲ್ಲಿ ಬಣ್ಣ ಉಬ್ಬಿದೆಯಾ, ಬಿಳಿ ಪುಡಿ ಉದುರುತ್ತಿದೆಯಾ? ಇದ್ದರೆ ಗೋಡೆಯೊಳಗೆ ನೀರು ಸೇರುತ್ತಿದೆ ಎಂದರ್ಥ. ಸೋರುವುದನ್ನು ನಿಲ್ಲಿಸದೆ ಮೇಲೆ ಏನು ಮಾಡಿಸಿದರೂ ದುಡ್ಡು ದಂಡ. ರಾತ್ರಿ ಎಲ್ಲ ನಳ ಬಂದ್ ಮಾಡಿ, ಮೇಲಿನ ಟ್ಯಾಂಕಿನಲ್ಲಿ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಅಳೆಯಿರಿ. ಮಟ್ಟ ಇಳಿದಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ.

ಆಮೇಲೆ ಒಂದು ನಾಣ್ಯ ಹಿಡಿದು ಪ್ರತಿ ಟೈಲ್ಸನ್ನೂ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಹಿಡಿತ ಚೆನ್ನಾಗಿದೆ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲೊಂದು ಇಲ್ಲೊಂದು ಟೊಳ್ಳಿದ್ದರೆ ಅಷ್ಟನ್ನೇ ತೆಗೆಸಿ. ಒಂದು ಗೋಡೆ ಪೂರ್ತಿ ಟೊಳ್ಳಾದರೆ ಮಾತ್ರ ಗೌಂಡಿ ಹೇಳಿದ್ದು ಸರಿ.

ಈಗ ಉಪ್ಪು. ಅದು ನೀರಿನ ಸುಣ್ಣದ ಅಂಶ ಪದರ ಪದರವಾಗಿ ಕೂತದ್ದು. ಸೋಪಿಗೆ ಹೋಗುವುದಿಲ್ಲ, ಹುಳಿಗೆ ಮಾತ್ರ ಕರಗುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ತನ್ನಿ. ಒಂದು ಲೀಟರ್ ಬಿಸಿನೀರಿಗೆ ಎರಡು ಮೂರು ಚಮಚ ಹಾಕಿ ಕಲಸಿ. ಹಳೆಯ ಬಟ್ಟೆ ಅದರಲ್ಲಿ ನೆನೆಸಿ ಉಪ್ಪು ಕೂತ ಜಾಗಕ್ಕೆ ಅಂಟಿಸಿ ಅರ್ಧ ಗಂಟೆ ಬಿಡಿ. ಸಣ್ಣಗೆ ಗುಳ್ಳೆ ಏಳುವುದು ಕಾಣುತ್ತದೆ. ಆಮೇಲೆ ಪ್ಲಾಸ್ಟಿಕ್ ಬ್ರಶ್‌ನಲ್ಲಿ ತಿಕ್ಕಿ. ದಪ್ಪ ಪದರ ಇದ್ದರೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಬೇಜಾರಿನ ಕೆಲಸವೇ. ಸ್ಟೀಲ್ ನಾರು ಮುಟ್ಟಿಸಬೇಡಿ, ಹೊಳಪಿನ ಮೇಲೆ ಗೀರು ಬಿದ್ದರೆ ಕೊಳೆ ಅಲ್ಲೇ ಕೂರುತ್ತದೆ.

ನಮ್ಮ ಕಡೆ ಎಲ್ಲರೂ ನೇರವಾಗಿ ಬಾಟಲಿ ಆಸಿಡ್ ಸುರಿಯುತ್ತಾರೆ. ಉಪ್ಪೇನೋ ಕ್ಷಣದಲ್ಲಿ ಹೋಗುತ್ತದೆ. ಆದರೆ ಸಂದಿಯ ಸಿಮೆಂಟನ್ನೂ ಅದು ತಿನ್ನುತ್ತದೆ, ನಳದ ಹೊಳಪನ್ನೂ ಕೀಳುತ್ತದೆ. ಹೊಸ್ತಿಲಿಗೆ, ಗೂಡಿಗೆ ಕಡಪಾ ಕಲ್ಲೋ ಶಹಾಬಾದ್ ಕಲ್ಲೋ ಹಾಕಿದ್ದರೆ ಇನ್ನೂ ಹುಷಾರು. ಅವು ಸುಣ್ಣದ ಕಲ್ಲು, ನಿಂಬೆ ಉಪ್ಪು ಬಿದ್ದರೂ ಪಾಲಿಶ್ ಹೋಗಿ ಮಾಸುತ್ತವೆ. ಗ್ರಾನೈಟ್‌ಗೆ ಆ ಭಯ ಅಷ್ಟಿಲ್ಲ. ಇನ್ನೊಂದು, ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ತಾಗಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ.

ಇಷ್ಟು ಮಾಡಿ, ತೊಳೆದು, ಒಣಗಿದ ಮೇಲೆ ಒಮ್ಮೆ ನೋಡಿ. ಆ ಗುಲಾಬಿ ಟೈಲ್ಸ್ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಬಚ್ಚಲು ಹಳೆಯದಾಗಿ ಕಾಣುವುದು ಮುಕ್ಕಾಲು ಪಾಲು ಉಪ್ಪಿನಿಂದ ಮತ್ತು ಕಪ್ಪು ಸಂದಿಯಿಂದ ಅಂತ ನನ್ನ ಅಭಿಪ್ರಾಯ.

ಕೊಪ್ಪಳದಿಂದ, ಟೈಲ್ಸ್ ಕೆಲಸ ಮಾಡುವವರು

ನಾನು ಇದೇ ಕೆಲಸದವನು, ಆದರೂ ಹೇಳುತ್ತೇನೆ: ಗೋಡೆ ಒಡೆಯಬೇಡಿ, ನೆಲ ಒಡೆಯಿರಿ.

ಲೆಕ್ಕ ನೋಡಿ. ನಿಮ್ಮ ಬಚ್ಚಲಿನ ಸುತ್ತಳತೆ 24 ಅಡಿ. 7 ಅಡಿ ಎತ್ತರಕ್ಕೆ ಟೈಲ್ಸ್ ಅಂದರೆ 168 ಚದರಡಿ, ಬಾಗಿಲು ಕಳೆದರೆ 150. ನೆಲ 35. ಒಟ್ಟು 185, ತುಂಡು ವೇಸ್ಟು ಸೇರಿ 200 ಚದರಡಿ ತರಬೇಕು. ಬರೀ ನೆಲ ಮತ್ತು ಗೋಡೆಯ ಕೆಳಗಿನ ಒಂದು ಸಾಲು ಬದಲಿಸಿದರೆ 50 ಚದರಡಿ, ವೇಸ್ಟು ಸೇರಿ 55. ಮಾಲು, ಸಿಮೆಂಟು, ಕೂಲಿ, ಒಡೆದ ಮಣ್ಣು ಸಾಗಿಸುವ ಖರ್ಚು ಎಲ್ಲವೂ ಬಹಳ ಇಳಿಯುತ್ತದೆ. ಸಣ್ಣ ಬಚ್ಚಲಿಗೆ ಕೂಲಿಯನ್ನು ಚದರಡಿ ಲೆಕ್ಕದಲ್ಲಿ ಮಾತಾಡಬೇಡಿ. ಕಟಿಂಗ್ ಜಾಸ್ತಿ ಅಂತ ಆಮೇಲೆ ತಕರಾರು ಬರುತ್ತದೆ. ಗುತ್ತಿಗೆಯಲ್ಲೇ ಮಾತಾಡಿ. ಒಡೆಯುವುದು, ಮಣ್ಣು ಎತ್ತುವುದು ಅದರಲ್ಲೇ ಬಂತಾ ಅಂತ ಮೊದಲೇ ಕೇಳಿ.

ಗೋಡೆಯ ಕೆಳಗಿನ ಸಾಲು ಯಾಕೆ ಅಂತೀರಾ? ನೆಲ ಒಡೆದ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಹಚ್ಚುತ್ತೇವೆ. ಅದು ನೆಲಕ್ಕೆ ನಿಂತರೆ ಸಾಲದು, ಗೋಡೆಗೂ ಏರಬೇಕು. ನೀರು ಇಳಿಯುವುದೇ ನೆಲ ಗೋಡೆ ಸೇರುವ ಮೂಲೆಯಲ್ಲಿ. ಒಂದು ಸಾಲು ಟೈಲ್ಸ್ ತೆಗೆದರೆ 8 ಇಂಚು ಜಾಗ ಸಿಗುತ್ತದೆ, ಕೋಟಿಂಗ್ ಅಲ್ಲಿಯವರೆಗೆ ಹತ್ತುತ್ತದೆ. ಆ ಸಾಲಿಗೆ ನೆಲದ ಟೈಲ್ಸನ್ನೇ ಕತ್ತರಿಸಿ ಹಾಕಿ. ಹಳೆಯ ಗುಲಾಬಿಗೆ ಹೊಂದುವ ಬಣ್ಣ ಹುಡುಕುತ್ತಾ ಅಂಗಡಿ ಅಂಗಡಿ ತಿರುಗಬೇಡಿ, ಸಿಗುವುದಿಲ್ಲ. ತಿಳಿ ಬೂದು ಅಥವಾ ತಿಳಿ ಕಂದು ಹಾಕಿದರೆ ಬೇಕಂತಲೇ ಪಟ್ಟಿ ಕೊಟ್ಟ ಹಾಗೆ ಕಾಣುತ್ತದೆ.

ಕೋಟಿಂಗ್ ಒಣಗಿದ ಮೇಲೆ ಮೋರಿಯ ಬಾಯಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ ಒಂದು ಪೂರ್ತಿ ದಿನ ಬಿಡಬೇಕು. ಮಟ್ಟ ಇಳಿಯದಿದ್ದರೆ ಮಾತ್ರ ಟೈಲ್ಸ್. ನಾವು ಕೆಲಸದವರು ಅವಸರ ಮಾಡುತ್ತೇವೆ, ಮುಂದಿನ ಮನೆ ಕಾಯುತ್ತಿರುತ್ತದೆ. ನೀವು ಬಿಡಬೇಡಿ. ಇಳಿಜಾರು ಅಡಿಗೆ ಒಂದು ನೂಲು ಇರಲಿ, ಅಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ಟೈಲ್ಸ್ ಕೂರಿಸುವಾಗಲೇ ಒಂದು ಚೊಂಬು ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ನೆಲ ಒಡೆದಾಗ ಹಳೆಯ ನಾನಿ ಟ್ರ್ಯಾಪನ್ನೂ, ಅಂದರೆ ನೀರು ಹೊರಹೋಗುವ ಬಾಯಿಯ ಕೆಳಗೆ ನೆಲದೊಳಗೆ ಕೂರಿಸುವ ಬಟ್ಟಲನ್ನೂ ಬದಲಿಸಿಬಿಡಿ, ಮತ್ತೆ ಅಲ್ಲಿಗೆ ಕೈ ಹಾಕಲು ಆಗುವುದಿಲ್ಲ.

ಗಂಗಾವತಿಯಿಂದ

ನೆಲ ಯಾಕೆ ಒಡೆಯಬೇಕು ಅಣ್ಣ? ನಮ್ಮ ಮನೆಯಲ್ಲಿ ಹಳೆಯ ಟೈಲ್ಸ್ ಮೇಲೇ ಹೊಸದು ಅಂಟಿಸಿದರು. ದೂಳಿಲ್ಲ, ಗದ್ದಲವಿಲ್ಲ, ಬೇಗ ಮುಗಿಯಿತು. ಹಳೆಯ ಟೈಲ್ಸಿನ ಹೊಳಪನ್ನು ಗ್ರೈಂಡರ್‌ನಲ್ಲಿ ಉಜ್ಜಿ ಒರಟು ಮಾಡಿ, ತೊಳೆದು, ಗಮ್ ಅಂದರೆ ಟೈಲ್ಸ್ ಅಂಟಿಸುವ ಮಸಾಲೆ ಹಚ್ಚಿ ಕೂರಿಸಿದ್ದು. ಇನ್ನೂ ಒಂದೂ ಅಲುಗಾಡಿಲ್ಲ.

ಕೊಪ್ಪಳದವರು

ನಿಮ್ಮದು ಇಳಿಜಾರು ಸರಿ ಇದ್ದಿರಬೇಕು ಅಕ್ಕಾ. ಇವರ ಮನೆಯಲ್ಲಿ ನೀರು ಮೂಲೆಯಲ್ಲಿ ನಿಲ್ಲುತ್ತಿದೆ. ಮೇಲೆ ಅಂಟಿಸಿದರೆ ಅದೇ ತಗ್ಗು ಮೇಲಕ್ಕೂ ಬರುತ್ತದೆ. ಗಮ್‌ನಲ್ಲೇ ಇಳಿಜಾರು ಕೊಡುತ್ತೇನೆ ಅನ್ನುವವರನ್ನು ನಂಬಬೇಡಿ. ಅದನ್ನು ಹಚ್ಚುವುದು ತೆಳ್ಳಗೆ, 3 ಮಿಲಿಮೀಟರ್ ಲೆಕ್ಕಕ್ಕೆ 20 ಕೆಜಿ ಚೀಲ ಸುಮಾರು 50 ಚದರಡಿಗೆ ಬರುತ್ತದೆ. ದಪ್ಪ ತುಂಬಿದರೆ ಹಿಡಿಯುವುದಿಲ್ಲ. ಇನ್ನು ನೆಲ ಅರ್ಧ ಇಂಚು ಏರುತ್ತದೆ. ಬಾಗಿಲು ತಾಗುತ್ತದೆ, ಹೊಸ್ತಿಲು ತಗ್ಗಾಗುತ್ತದೆ, ನೀರು ಹೊರಗೆ ಬರುತ್ತದೆ. ಗೋಡೆಗೆ ಮೇಲೆ ಅಂಟಿಸುವುದಕ್ಕೆ ನನ್ನದೇನೂ ಅಭ್ಯಂತರ ಇಲ್ಲ. ನಳದ ಬಾಯಿ ಒಳಗೆ ಹೋಗುತ್ತದೆ, ಅದಕ್ಕೆ ಎಕ್ಸ್‌ಟೆನ್ಶನ್ ನಿಪ್ಪಲ್, ಅಂದರೆ ಉದ್ದ ಹೆಚ್ಚಿಸುವ ಸಣ್ಣ ಪೈಪ್ ತುಂಡು ಹಾಕಿಕೊಂಡರೆ ಆಯಿತು.

ಸಿಂಧನೂರಿನಿಂದ

ಟೈಲ್ಸ್ ಪೇಂಟ್ ಬಗ್ಗೆ ಯಾರಾದರೂ ಹೇಳಿದರೆ ಗೋಡೆಗೆ ಮಾತ್ರ ಯೋಚನೆ ಮಾಡಿ. ನೆಲಕ್ಕೆ ಬೇಡವೇ ಬೇಡ. ನಮ್ಮ ಪಕ್ಕದ ಮನೆಯಲ್ಲಿ ಮಾಡಿಸಿದ್ದು ಒಂದು ಬೇಸಿಗೆ ದಾಟಲಿಲ್ಲ, ಬಕೆಟ್ ಎಳೆದಲ್ಲೆಲ್ಲ ಸುಲಿಯಿತು.

ರಾಯಚೂರಿನಿಂದ, ಇನ್ನೊಬ್ಬರು

ನಮ್ಮ ನೀರು ನೋಡಿಕೊಂಡು ಸಾಮಾನು ಆರಿಸಿ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಈಗ ಕಪ್ಪು ಟೈಲ್ಸ್, ಕಪ್ಪು ನಳ, ಗಾಜಿನ ಪಾರ್ಟಿಶನ್ ಎಲ್ಲ ಫ್ಯಾಷನ್. ಬೋರ್ ನೀರು ಚಿಮ್ಮಿದ ಒಂದೊಂದು ಹನಿಯೂ ಅದರ ಮೇಲೆ ಬಿಳಿ ಚುಕ್ಕಿಯಾಗಿ ಒಣಗುತ್ತದೆ. ತಿಳಿ ಬಣ್ಣವೇ ನಮಗೆ ಒಳ್ಳೆಯದು. ನೆಲಕ್ಕೆ ಜಾರದ ಟೈಲ್ಸ್ ಬೇಕು, ಹೌದು. ಆದರೆ ತೀರಾ ಗರಗಸದಂತೆ ಒರಟಾದದ್ದು ಬೇಡ, ಉಪ್ಪು ಆ ಗುಳಿಗಳಲ್ಲೇ ಕೂರುತ್ತದೆ. ಅಂಗಡಿಯಲ್ಲೇ ಟೈಲ್ಸ್ ಮೇಲೆ ನೀರು ಹಾಕಿಸಿ ಬರಿಗಾಲಲ್ಲಿ ನಿಂತು ನೋಡಿ. ನಗುತ್ತಾರೆ, ನಗಲಿ.

ಸಂದಿ ತುಂಬುವ ಮಸಾಲೆಗೆ ಗ್ರೌಟ್ ಅನ್ನುತ್ತಾರೆ. ಅದರಲ್ಲಿ ಎಪಾಕ್ಸಿ ಅನ್ನುವ ರಾಳದ ಗ್ರೌಟ್ ಒಳ್ಳೆಯದು, ನೀರು ಹೀರುವುದಿಲ್ಲ, ಕಪ್ಪಾಗುವುದೂ ಕಡಿಮೆ. ಸಿಮೆಂಟ್ ಗ್ರೌಟ್‌ಗಿಂತ ಬೆಲೆ ಜಾಸ್ತಿ, ಹಾಗಾಗಿ ನೆಲಕ್ಕೆ ಮತ್ತು ಸ್ನಾನ ಮಾಡುವ ಮೂಲೆಗೆ ಮಾತ್ರ ಹಾಕಿಸಿ. ಒಂದು ತೊಡಕಿದೆ. ಹಳೆಯ 8 ಇಂಚಿನ ಟೈಲ್ಸನ್ನು ಆಗ ಸಂದಿಯೇ ಬಿಡದೆ ಒಂದಕ್ಕೊಂದು ತಾಗಿಸಿ ಕೂರಿಸುತ್ತಿದ್ದರು, ಮೇಲೆ ವೈಟ್ ಸಿಮೆಂಟ್ ಸವರುತ್ತಿದ್ದರು. ಅಂಥ ಕಡೆ ಎಪಾಕ್ಸಿ ಒಳಗೆ ಇಳಿಯುವುದೇ ಇಲ್ಲ, ಮೇಲೆ ಮೆತ್ತಿಕೊಂಡು ಆಮೇಲೆ ಎದ್ದು ಬರುತ್ತದೆ. ತೆಳು ಬ್ಲೇಡಿನಲ್ಲಿ ಸಂದಿ ಬಿಡಿಸಬಹುದು, ಆದರೆ ಕೈ ತಪ್ಪಿದರೆ ಟೈಲ್ಸಿನ ಅಂಚು ಹಾರುತ್ತದೆ. ಒಣ ಗೋಡೆಗಳಿಗೆ ಸುಮ್ನೆ ಕೆರೆದು ಮತ್ತೆ ವೈಟ್ ಸಿಮೆಂಟ್ ತುಂಬಿಸಿ, ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ಎಪಾಕ್ಸಿ ಕೆಲಸ ಇಟ್ಟುಕೊಂಡರೆ ಬೆಳಿಗ್ಗೆಯೇ ಮುಗಿಸಿ. ನಮ್ಮ ಬಿಸಿಲಿಗೆ ಕಲಸಿದ್ದು ಕೈಯಲ್ಲೇ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪ ಕಲಸಲಿ, ಹಚ್ಚಿದ ಕೂಡಲೇ ಒರೆಸಲಿ. ಒಣಗಿದ ಮೇಲೆ ಟೈಲ್ಸ್ ಮೇಲಿನ ಮಸುಕು ಹೋಗುವುದು ಕಷ್ಟ.

ತೋರಣಗಲ್ಲಿನಿಂದ

ನಮ್ಮಲ್ಲಿ ಉಪ್ಪಿನ ಜೊತೆಗೆ ಕೆಂಪು ದೂಳೂ ಇದೆ. ಬೆಳ್ಳಗಿನ ಗ್ರೌಟ್ ಹಾಕಿಸಬೇಡಿ, ಬೂದು ಬಣ್ಣದ್ದು ಹಾಕಿಸಿ. ವೆಂಟಿಲೇಟರ್‌ಗೆ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಬೂಸ್ಟು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಈ ಖರ್ಚು ಬಿಡಬೇಡಿ.

ಲಿಂಗಸುಗೂರಿನಿಂದ

ಅವ್ವನವರ ಮಾತು ಹೇಳಿದಿರಲ್ಲ, ಅದರ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಅತ್ತೆಯವರಿಗೆ ಮಾಡಿಸಿದ್ದು ಹೇಳುತ್ತೇನೆ. ಸ್ನಾನದ ಜಾಗದ ಪಕ್ಕದಲ್ಲಿ ಮತ್ತು ಬಾಗಿಲ ಹತ್ತಿರ ಸ್ಟೀಲ್ ಹಿಡಿಕೆ ಹಾಕಿಸಿ, ನೆಲದಿಂದ ಮೂರು ಅಡಿಯ ಆಸುಪಾಸು. ಅವರನ್ನೇ ನಿಲ್ಲಿಸಿ ಕೈ ಸಹಜವಾಗಿ ಎಲ್ಲಿಗೆ ಹೋಗುತ್ತದೆ ನೋಡಿ ಗುರುತು ಮಾಡಿ. ಬೋಲ್ಟ್ ಗೋಡೆಯ ಇಟ್ಟಿಗೆಯವರೆಗೆ ಹೋಗಬೇಕು. ಟೈಲ್ಸಿಗೆ ಮಾತ್ರ ಸಿಕ್ಕಿಸಿದ್ದು ಭಾರ ಬಿದ್ದಾಗ ಕಿತ್ತು ಬರುತ್ತದೆ. ಗಾಳಿ ಒತ್ತಿ ಅಂಟಿಸುವ ರಬ್ಬರ್ ಹಿಡಿಕೆ ಸಿಗುತ್ತವೆ, ವಯಸ್ಸಾದವರಿಗೆ ಅವು ಬೇಡ. ಹಳೆಯ ಟೈಲ್ಸ್ ಕೊರೆಯುವಾಗ ಮೇಲೆ ಟೇಪ್ ಅಂಟಿಸಿ, ಟೈಲ್ಸ್ ಪೂರ್ತಿ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಬಂದ್ ಇಟ್ಟರೆ ಬಿರುಕು ಬಿಡುವ ಭಯ ಕಡಿಮೆ.

ಕೂತು ಸ್ನಾನ ಮಾಡಲು ಸ್ಟೂಲ್ ಇಡುತ್ತೀರಿ ಅಲ್ವಾ, ಅದರ ಕಾಲಿಗೆ ರಬ್ಬರ್ ಇರಲಿ. ನಳದ ಎತ್ತರವೂ ಕೂತವರ ಕೈಗೆ ಸಿಗುವ ಹಾಗಿರಲಿ.

ಬಳ್ಳಾರಿಯವರು

ನಳದ ಮಾತು ಬಂತಲ್ಲ. ಗೋಡೆಯೊಳಗೆ ಹಳೆಯ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಇದ್ದರೆ, ತುಕ್ಕು ಹಿಡಿದ ನಳವನ್ನು ಸುಮ್ನೆ ಪಾನಾ ಹಾಕಿ ತಿರುಗಿಸಲು ಬಿಡಬೇಡಿ. ನಳದ ಬದಲು ಒಳಗಿನ ಎಲ್ಬೋ, ಅಂದರೆ ಪೈಪ್ ತಿರುಗುವ ಜೋಡಣೆ ಮುರಿಯುತ್ತದೆ, ಆಮೇಲೆ ಗೋಡೆ ಒಡೆಯಲೇಬೇಕು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು ಮೆಲ್ಲಗೆ ಬಿಚ್ಚಿಸಿ. ನೀರಿನ ಧಾರೆ ಸಣ್ಣದಾಗಿದ್ದರೆ ಪೈಪಿನೊಳಗೇ ಉಪ್ಪು ಕಟ್ಟಿದೆ ಅಂತ ಲೆಕ್ಕ. ಆಗ ಹಳೆಯದನ್ನು ಮುಟ್ಟದೆ ಗೋಡೆಯ ಹೊರಗಿನಿಂದಲೇ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪ್ ಎಳೆಸಿ. ನೋಡಲು ಅಷ್ಟು ಚಂದ ಇಲ್ಲ, ಆದರೆ ಮುಂದೆ ರಿಪೇರಿ ಸುಲಭ, ಖರ್ಚೂ ಕಡಿಮೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಣ್ಯ ಹಿಡಿದು ತಟ್ಟಿದೆ. ಗೋಡೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಟೊಳ್ಳು, ಅದೂ ನೀರು ನಿಲ್ಲುವ ಮೂಲೆಯ ಕೆಳಗಿನ ಸಾಲಿನಲ್ಲೇ. ಟ್ಯಾಂಕಿನ ಮಟ್ಟ ಇಳಿದಿಲ್ಲ. ಗೋಡೆ ಉಳಿಸಿಕೊಂಡು ನೆಲ, ಒಂದು ಸಾಲು, ನಳ, ಹಿಡಿಕೆ, ಫ್ಯಾನು ಅಂತ ತೀರ್ಮಾನ ಮಾಡಿದ್ದೇನೆ. ಮೇಲಿನ ಗೋಡೆಯ ಬಣ್ಣ ಯಾವಾಗ ಹೊಡೆಸಬೇಕು? ಕೆಲಸ ನಡೆಯುವಾಗ ಸ್ನಾನಕ್ಕೆ ಏನು ಮಾಡಿದಿರಿ?

ಕೊಪ್ಪಳದವರು

ಬಣ್ಣ ಕಡೆಗೆ. ಆದರೆ ಉದುರುವ ಬಣ್ಣ ಕೆರೆಯುವುದು, ಫ್ಯಾನಿಗೆ ಮತ್ತು ಹಿಡಿಕೆಗೆ ತೂತು ಹಾಕುವುದು ಎಲ್ಲವೂ ನೆಲದ ಕೆಲಸಕ್ಕೆ ಮೊದಲೇ ಆಗಲಿ, ಹೊಸ ನೆಲದ ಮೇಲೆ ಸುತ್ತಿಗೆ ಬೀಳಬಾರದು. ಕೆರೆದ ಗೋಡೆ ಪೂರ್ತಿ ಒಣಗಿದ ಮೇಲೆ ಹೊರಗೋಡೆಗೆ ಹೊಡೆಯುವ ಬಣ್ಣವನ್ನೇ ಹೊಡೆಸಿ, ಒಳಗಿನ ಬಣ್ಣ ತೇವಕ್ಕೆ ನಿಲ್ಲುವುದಿಲ್ಲ.

ಸ್ನಾನಕ್ಕೆ ಹಿತ್ತಲಿದ್ದರೆ ನಾಲ್ಕು ಕೋಲು ನೆಟ್ಟು ತಾಡಪತ್ರಿ ಕಟ್ಟಿ, ನೀರು ಹರಿಯುವ ಕಡೆ ಒಂದು ಫರ್ಸಿ ಹಾಕಿ. ನನ್ನ ಗಿರಾಕಿಗಳು ಬಹಳ ಮಂದಿ ಹಾಗೇ ಮಾಡುತ್ತಾರೆ. ಅವ್ವನವರನ್ನು ಮಾತ್ರ ಅಷ್ಟು ದಿನ ಯಾವುದಾದರೂ ಮಗಳ ಮನೆಗೆ ಕಳಿಸಿ.

ಟೈಲ್ಸ್ ತರುವಾಗ ಎಲ್ಲ ಬಾಕ್ಸಿನ ಮೇಲೂ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ, ಬೇರೆ ಬ್ಯಾಚ್ ಆದರೆ ಬಣ್ಣ ಸ್ವಲ್ಪ ಬೇರೆ ಬರುತ್ತದೆ. ಒಂದು ಬಾಕ್ಸ್ ಜಾಸ್ತಿ ತಂದು ಅಟ್ಟದ ಮೇಲೆ ಇಡಿ. ಒಡೆಯದ ಬಾಕ್ಸ್ ವಾಪಸ್ ತಗೊಳ್ಳುತ್ತೇವೆ ಅಂತ ಅಂಗಡಿಯವರು ಹೇಳಿದರೂ ಕೊಡಬೇಡಿ. ಮುಂದಿನ ವರ್ಷ ಅದೇ ಡಿಸೈನ್ ಹುಡುಕಿದರೆ ಸಿಗುವುದಿಲ್ಲ.