ಅಜ್ಜನ ಸೈಕಲ್: ಕೋನ್ ಎಷ್ಟು ಬಿಗಿ ಇರಬೇಕು?

ಭಾವ: ಚಕ್ರದ ನಡುವಿನ ಹಬ್ ಬಿಚ್ಚಿ ಗ್ರೀಸ್ ಹಾಕುವ ವಿಡಿಯೋ ಕಳಿಸಿದ್ದೇನೆ, ನೋಡಿ. ಅಜ್ಜನ ಸೈಕಲ್ಲಿನ ಮುಂದಿನ ಚಕ್ರ ಹೀಗೇ ಮಾಡಿದೆ. ಕೊನೆಯಲ್ಲಿ ಕೋನ್, ಅಂದರೆ ಅಚ್ಚಿನ ಮೇಲೆ ತಿರುಗಿಸಿ ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಸುವ ಭಾಗ, ಸ್ವಲ್ಪ ಲೂಸ್ ಬಿಡಿ ಅಂತಾರೆ, ಬಿಟ್ಟಿದ್ದೇನೆ. ಆದರೆ ನಟ್ಟು ಬಿಗಿ ಮಾಡಿದ ಮೇಲೂ ರಿಮ್ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತೆ.

ಚಿಕ್ಕಪ್ಪ: ನಾನು ಆವತ್ತೇ ಹೇಳಿದೆ. ಆ ಹಬ್‌ನ ಕಾಲ ಮುಗಿಯಿತು. ಎರಡೂ ಚಕ್ರಕ್ಕೆ ಗುಂಡುಗಳು ಒಳಗೇ ಮುಚ್ಚಿರುವ ಸೀಲ್ಡ್ ಬೇರಿಂಗ್ ಇರುವ ಹೊಸ ಹಬ್ ಹಾಕಿಸಿಬಿಡಿ.

ನಾನು: ಚಿಕ್ಕಪ್ಪ, ಹಬ್ ಬದಲಾಯಿಸುವ ಮಾತು ದಯವಿಟ್ಟು ಬೇಡ. ಭಾವ, ಆ ವಿಡಿಯೋ ತಪ್ಪಲ್ಲ, ಆದರೆ ಅದು ಬೇರೆ ಥರದ ಚಕ್ರದ್ದು. ಅದಕ್ಕೆ ನಟ್ಟಿನ ಬದಲು ಕೈಯಲ್ಲೇ ಮುಚ್ಚಿ ಬಿಗಿ ಮಾಡುವ ಕ್ವಿಕ್ ರಿಲೀಸ್ ಲಿವರ್ ಇದೆ, ಗಮನಿಸಿ. ಆ ಆಕ್ಸಲ್ (ಅಚ್ಚು) ಟೊಳ್ಳು. ಲಿವರ್ ಮುಚ್ಚಿದಾಗ ಆಕ್ಸಲ್ ಕೂದಲೆಳೆಯಷ್ಟು ಕುಗ್ಗುತ್ತೆ, ಎರಡೂ ಕೋನ್‌ಗಳು ಒಳಗೆ ಸರಿಯುತ್ತವೆ. ಮೊದಲೇ ಬಿಟ್ಟ ಲೂಸ್ ಅಲ್ಲಿಗೆ ಸರಿಹೋಗುತ್ತೆ. ನಮ್ಮದು ಗಟ್ಟಿ ಆಕ್ಸಲ್, ಎರಡು ಕಡೆ ನಟ್ಟು. ನಟ್ಟು ಬಿಗಿದರೆ ಫೋರ್ಕಿನ ತುದಿ ಹೊರಗಿನ ನಟ್ಟಿಗೂ ಕೋನ್ ಕದಲದಂತೆ ಹಿಡಿಯುವ ಲಾಕ್‌ನಟ್‌ಗೂ ನಡುವೆ ಸಿಕ್ಕಿಕೊಳ್ಳುತ್ತೆ, ಅಷ್ಟೇ. ಒಳಗಿನ ಆಕ್ಸಲ್ ಕುಗ್ಗಲ್ಲ. ಹಾಗಾಗಿ ಬಿಟ್ಟ ಲೂಸ್ ಹಾಗೇ ಉಳಿಯಿತು.

ಅಣ್ಣ: ಹಾಗಾದರೆ ಪೂರ್ತಿ ಟೈಟ್ ಮಾಡಿದರಾಯ್ತು. ಅಲ್ಲಾಡೋದೇ ಇಲ್ಲ, ಅಲ್ವಾ?

ನಾನು: ಬೇಡ ಅಣ್ಣ! ಲೂಸ್ ಇದ್ದರೆ ಶಬ್ದ ಮಾಡಿ ಎಚ್ಚರಿಸುತ್ತೆ. ಟೈಟ್ ಇದ್ದರೆ ಏನೂ ಹೇಳದೆ ಕೋನ್ ಮೇಲೆ ಗುಳಿ ಬೀಳುತ್ತೆ. ಚಕ್ರವನ್ನು ಹೊರಗೆ ತೆಗೆದು ಆಕ್ಸಲ್ಲನ್ನು ಬೆರಳಲ್ಲಿ ತಿರುಗಿಸಿ ನೋಡು. ತಡೆತಡೆದು ತಿರುಗಿದರೆ ಟೈಟ್ ಜಾಸ್ತಿ. ಮೇಲೆ ಕೆಳಗೆ ಮಿಸುಕಿದರೆ ಲೂಸ್. ಮಿಸುಕಾಟ ನಿಂತ ಮೊದಲ ಜಾಗವೇ ಸರಿಯಾದ ಜಾಗ. ಅದಕ್ಕಿಂತ ಮುಂದೆ ಹೋಗಬಾರದು.

ಭಾವ: ಅದೇ ತಲೆನೋವು. ಆ ಜಾಗ ಹುಡುಕಿ ಲಾಕ್‌ನಟ್ ಬಿಗಿ ಮಾಡಿದ ಕೂಡಲೇ ಟೈಟ್ ಆಗಿಬಿಡುತ್ತೆ.

ನಾನು: ಆಗಲೇಬೇಕು ಭಾವ. ಥ್ರೆಡ್‌ನಲ್ಲಿ ಸಣ್ಣ ಸಡಿಲ ಇರುತ್ತೆ, ಲಾಕ್‌ನಟ್ ಕೋನನ್ನು ಒಳಗೆ ತಳ್ಳುತ್ತೆ. ಅಷ್ಟನ್ನು ಲೆಕ್ಕ ಹಿಡಿದು ಮೊದಲೇ ತುಸು ಹಿಂದೆ ತಿರುಗಿಸಿ. ಒಂದು ಪಾನಾ ಕೋನ್ ಮೇಲೆ ಇರಲಿ, ಅದು ಕದಲಬಾರದು. ಇನ್ನೊಂದರಲ್ಲಿ ಲಾಕ್‌ನಟ್ ಬಿಗಿ ಮಾಡಿ. ಕೋನ್‌ಗೆ ತೆಳುವಾದ ಪಾನಾನೇ ಬೇಕು, ದಪ್ಪದ್ದು ಆ ಸಂದಿಗೆ ಹೋಗಲ್ಲ. ಇನ್ನೊಂದು ಬದಿಯ ಕೋನನ್ನೂ ಲಾಕ್‌ನಟ್ಟನ್ನೂ ಒಂದಕ್ಕೊಂದು ಬಿಗಿ ಮಾಡಿ ಬಿಟ್ಟುಬಿಡಿ. ಎರಡೂ ಕಡೆ ಕೈ ಹಾಕಿದರೆ ಸಂಜೆಯವರೆಗೂ ಮುಗಿಯಲ್ಲ. ಒಂದೇ ಸಲಕ್ಕೆ ಸರಿಯಾಗದಿದ್ದರೆ ಬೇಸರ ಬೇಡ, ಮತ್ತೆ ಮತ್ತೆ ಮಾಡಬೇಕಾಗುತ್ತೆ.

ಚಿಕ್ಕಪ್ಪ: ಇಷ್ಟೆಲ್ಲ ರಗಳೆ ಯಾಕಮ್ಮಾ? ಹೊಸ ಹಬ್ ಹಾಕಿದರೆ ಇದ್ಯಾವುದೂ ಬೇಡ. ಸವೆದರೆ ಬೇರಿಂಗ್ ತೆಗೆದು ಬೇರೆ ಕೂರಿಸಿದರಾಯ್ತು.

ನಾನು: ಅದು ನಿಜ ಚಿಕ್ಕಪ್ಪ, ಹೊಸ ಸೈಕಲ್ಲಿಗೆ ಅದು ಒಳ್ಳೆಯದೇ. ಆದರೆ ಹಬ್ ಬದಲಾಯಿಸಬೇಕಾದರೆ ಕಡ್ಡಿಗಳೆಲ್ಲ ಬಿಚ್ಚಬೇಕು. ಇದು ಹಳೆಯ ಬ್ರಿಟಿಷ್ ಮಾದರಿ, ಮುಂದೆ 32 ಕಡ್ಡಿ, ಹಿಂದೆ 40. 40 ತೂತಿನ ಸೀಲ್ಡ್ ಬೇರಿಂಗ್ ಹಬ್ ಸಿಗೋದು ಕಷ್ಟ. ಸಿಗದಿದ್ದರೆ ರಿಮ್ಮೂ ಹೋಯಿತು. ಆಮೇಲೆ ಅಜ್ಜನ ಸೈಕಲ್ಲಿನಲ್ಲಿ ಉಳಿಯೋದೇನು? ಸವೆಯುವ ಕೋನ್, ಗುಂಡು ಎಲ್ಲ ಬೇರೆ ಬೇರೆಯಾಗಿ ಬದಲಾಯಿಸಬಹುದು ಅಂತಲೇ ಈ ಹಬ್ ಇಷ್ಟು ವರ್ಷ ಬಂದಿದೆ. ನನಗಂತೂ ಅದೇ ಇದರ ದೊಡ್ಡ ಗುಣ.

ಅಕ್ಕ: ಗುಂಡು ಅಂದಾಗ ನೆನಪಾಯಿತು. ಬಿಚ್ಚುವಾಗ ಒಂದು ಉರುಳಿಹೋಗಿ ಸಿಗಲಿಲ್ಲ ಕಣೇ. ಇವರು ಅದರ ಬದಲು ಹೊಸದೊಂದು ಹಾಕಿದ್ದಾರೆ.

ನಾನು: ಅಯ್ಯೋ, ಒಂದೇ ಹೊಸದು ಹಾಕಬಾರದು ಅಕ್ಕ. ಹಳೆಯವು ಸವೆದು ಚಿಕ್ಕದಾಗಿರುತ್ತವೆ. ಹೊಸದು ಚೂರು ದಪ್ಪ ಇದ್ದರೂ ಭಾರ ಬಂದಾಗೆಲ್ಲ ಅದರ ಮೇಲೇ ಜಾಸ್ತಿ ಬೀಳುತ್ತೆ. ಎರಡೂ ಬದಿಯವನ್ನು ಪೂರ್ತಿ ಬದಲಾಯಿಸಿ. ಮುಂದಿನ ಹಬ್‌ಗೆ ಸಾಮಾನ್ಯವಾಗಿ 3/16 ಇಂಚಿನವು, ಬದಿಗೆ 10. ಹಿಂದಿನದಕ್ಕೆ 1/4 ಇಂಚಿನವು, ಬದಿಗೆ 9. ಆದರೂ ಹಳೆಯದನ್ನು ಅಳೆದೇ ತನ್ನಿ. ಕಪ್‌ನಲ್ಲಿ, ಅಂದರೆ ಗುಂಡುಗಳು ಕೂರುವ ಹಬ್‌ನ ಬಟ್ಟಲಲ್ಲಿ, ಇನ್ನೊಂದಕ್ಕೆ ಜಾಗ ಇದ್ದಂತೆ ಕಂಡರೂ ತುರುಕಬೇಡಿ, ಒಂದಕ್ಕೊಂದು ಒತ್ತಿಕೊಳ್ಳುತ್ತವೆ.

ಚಿಕ್ಕಪ್ಪ: ಕಪ್ಪೇ ಹಾಳಾಗಿದ್ದರೆ? ಅದನ್ನು ಹಬ್‌ನೊಳಗೆ ಒತ್ತಿ ಕೂರಿಸಿರುತ್ತಾರೆ. ಕೋನ್ ಥರ ಬಿಚ್ಚೋಕೆ ಬರಲ್ಲ.

ನಾನು: ಕಪ್ಪಿನಲ್ಲಿ ಗುಳಿ ಬಿದ್ದಿದ್ದರೆ ನಿಮ್ಮ ಮಾತು ಒಪ್ಪುತ್ತೇನೆ ಚಿಕ್ಕಪ್ಪ, ಬೇರೆ ಹಬ್ ಹುಡುಕೋಣ. ಆದರೆ ನೋಡದೆ ತೀರ್ಮಾನ ಬೇಡ. ಭಾವ, ಮತ್ತೆ ಬಿಚ್ಚಿ ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಬಾಲ್ ಪೆನ್ನಿನ ತುದಿಯನ್ನು ಗುಂಡು ಓಡುವ ದಾರಿಯಲ್ಲಿ ಸುತ್ತಿಸಿ. ಕಣ್ಣಿಗೆ ಕಾಣದ ಗುಳಿಯೂ ಕೈಗೆ ತಗಲುತ್ತೆ. ಹೊಳೆಯುವ ಗೆರೆ ಮಾತ್ರ ಇದ್ದರೆ ಭಯವಿಲ್ಲ.

ಭಾವ: ನೋಡಿದೆ. ಎರಡೂ ಕಪ್ ನುಣುಪಾಗಿವೆ. ಬಲಗಡೆಯ ಕೋನ್ ಚೆನ್ನಾಗಿದೆ. ಎಡಗಡೆಯದರಲ್ಲಿ ಮೂರು ಕಡೆ ಪೆನ್ನು ಸಿಕ್ಕಿಕೊಳ್ಳುತ್ತಿದೆ.

ಚಿಕ್ಕಪ್ಪ: ಸರಿ, ಕಪ್ ಚೆನ್ನಾಗಿದ್ದರೆ ಹಬ್ ಇರಲಿ. ಹಿಂದಿನ ಚಕ್ರ ಬಿಚ್ಚಿದಾಗ ನನಗೂ ಹೇಳಿ.

ನಾನು: ಖಂಡಿತ ಚಿಕ್ಕಪ್ಪ. ಹಿಂದಿನದಕ್ಕೆ ಮೊದಲು ಚೈನ್ ಕೂರುವ ಫ್ರೀವೀಲ್ ತೆಗೆಯಬೇಕು, ನೀವಿದ್ದರೆ ಒಳ್ಳೆಯದು. ಭಾವ, ಎಡಗಡೆಗೆ ಹೊಸ ಕೋನ್ ಹಾಕಿ. ತರುವಾಗ ಹಳೆಯದನ್ನೂ ಆಕ್ಸಲ್ಲನ್ನೂ ಜೊತೆಗೆ ತಗೊಂಡು ಹೋಗಿ. ಥ್ರೆಡ್ ಹೊಂದಿದರೆ ಸಾಲದು, ಗುಂಡು ಕೂರುವ ಬಾಗೂ ಹಳೆಯದರಂತೆಯೇ ಇರಬೇಕು.