ಉಪ್ಪುನೀರಿನ ಮೀನಿನ ತೊಟ್ಟಿಯ ‘ಮೆಶ್ ಮುಚ್ಚಳ’: ಜಾಳಿ, ಬಲೆ, ಜಾಳಿಗೆ – ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ನಾನು ಧಾರವಾಡದವನು. ಅಕ್ಕನ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಅಲ್ಲಿ ಅಕ್ಕನ ಮಗ ಮೂರಡಿ ಉದ್ದದ ಉಪ್ಪುನೀರಿನ ಮೀನಿನ ತೊಟ್ಟಿ ಇಟ್ಟಿದ್ದಾನೆ. ಹೋದ ತಿಂಗಳು ಒಂದು ರಾತ್ರಿ ಅವನ ಫೈರ್‌ಫಿಶ್ ತೊಟ್ಟಿಯಿಂದ ಹೊರಗೆ ಹಾರಿತು. ಬೆಳಿಗ್ಗೆ ಸ್ಟ್ಯಾಂಡಿನ ಹಿಂದೆ ಗೋಡೆ ಮೂಲೆಯಲ್ಲಿ ಸಿಕ್ಕಿತು. ಬಾಲದ ಕಡೆಯ ಕೆಂಪು ಇನ್ನೂ ಹಾಗೇ ಇತ್ತು, ಮೈ ಮಾತ್ರ ಹುಣಸೆ ಸಿಪ್ಪೆಯಂತೆ ಒಣಗಿ ಗಡುಸಾಗಿತ್ತು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಜಾತಿಯ ಮೀನು ಬೆದರಿದರೆ ಮೇಲಕ್ಕೆ ಚಿಮ್ಮುತ್ತದೆ. ತೊಟ್ಟಿ ತೆರೆದಿದ್ದರೆ ನೆಲಕ್ಕೇ ಬೀಳುತ್ತದೆ.

ಗಾಜು ಮುಚ್ಚೋಣ ಎಂದರೆ ಅದಕ್ಕೂ ತೊಂದರೆ ಇದೆ. ದೀಪದ ಬಿಸಿ, ಪಂಪಿನ ಬಿಸಿ ಒಳಗೇ ಉಳಿಯುತ್ತದೆ, ಗಾಳಿ ಆಡುವುದು ಕಡಿಮೆಯಾಗುತ್ತದೆ. ಸಿಡಿದ ಹನಿ ಆರಿ ಗಾಜಿನ ಮೇಲೆ ಉಪ್ಪಿನ ಪೊರೆ ಕಟ್ಟಿದರೆ ತೊಟ್ಟಿಯಲ್ಲಿ ಬೆಳೆಯುವ ಹವಳಕ್ಕೆ ಬೆಳಕೂ ಕಡಿಮೆ. ಅದಕ್ಕೇ ಅಲ್ಯೂಮಿನಿಯಂ ಚೌಕಟ್ಟಿಗೆ ಮೆಶ್ ಬಿಗಿದು ನಾವೇ ಒಂದು ಮುಚ್ಚಳ ಮಾಡಿದೆವು. ಹಾವೇರಿಯಲ್ಲಿರುವ ಅವನ ಗೆಳೆಯನೂ ಮಾಡಬೇಕಂತೆ. “ಮಾಮಾ, ಅವಗ ಕನ್ನಡದಾಗ ಬರದು ಕೊಡ” ಅಂದ. ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು. ಮೆಶ್ ಅನ್ನೋದಕ್ಕೆ ಏನು ಬರೆಯಲಿ?

ದುರ್ಗದ ಬೈಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. “ಯಾವ ಜಾಳಿ ಬೇಕ್ರಿ ಸರ? ಸೊಳ್ಳಿ ಜಾಳಿನೋ, ಕೋಳಿ ಜಾಳಿನೋ?” ಎಂದು ಅವರೇ ಕೇಳಿದರು. ನಮ್ಮ ಕಡೆ ಬಾಯಲ್ಲಿ ಇರುವುದು ಜಾಳಿ. ಕಿಟಕಿಗೂ ಜಾಳಿ, ಬಚ್ಚಲಿನ ಮೋರಿಗೂ ಜಾಳಿ. ಆದರೆ ಬರಹದಲ್ಲಿ ಜಾಳಿ ಎಂದು ಹಾಕಿದರೆ ಮೈಸೂರು ಕಡೆಯವರಿಗೆ ಅದು ಜಾಲಿ ಮರ ಎನ್ನಿಸೀತೇ? ಇದು ನನ್ನ ಮೊದಲ ಅನುಮಾನ.

ನಿಘಂಟು ನೋಡಿದರೆ ಜಾಳಿಗೆ ಇದೆ. ಆದರೆ ಜಾಳಿಗೆ ಎಂದರೆ ಹೆಣೆದ ಚೀಲ, ಸೊಂಟಕ್ಕೆ ಕಟ್ಟುವ ಹಣದ ಹಮ್ಮಿಣಿ. ಅದು ಏನನ್ನಾದರೂ ತುಂಬಿಕೊಳ್ಳುವಂಥದ್ದು. ನಮ್ಮದು ಚಪ್ಪಟೆಯಾಗಿ ಬಿಗಿದು ನಿಲ್ಲುವಂಥದ್ದು. ಬಲೆ ಎನ್ನೋಣ ಎಂದರೆ ಮನಸ್ಸು ಒಪ್ಪುವುದಿಲ್ಲ. ಕನ್ನಡದಲ್ಲಿ ಬಲೆಗೆ ಹಿಡಿಯುವ ಕೆಲಸ ಅಂಟಿಕೊಂಡಿದೆ. ಬಲೆ ಬೀಸುತ್ತೇವೆ, ಬಲೆಗೆ ಬೀಳುತ್ತೇವೆ, ಜೇಡನೂ ಹಿಡಿಯಲಿಕ್ಕೇ ಬಲೆ ಕಟ್ಟುತ್ತದೆ. ಅದರಲ್ಲೂ ಮೀನು, ಬಲೆ ಎರಡನ್ನೂ ಒಟ್ಟಿಗೆ ಹೇಳಿದರೆ ಓದುವವನಿಗೆ ಬೇರೆಯೇ ಚಿತ್ರ ಬರುತ್ತದೆ. ಈ ಮುಚ್ಚಳ ಇರುವುದು ಮೀನು ಉಳಿಯಲಿ ಅಂತ.

ಕೆಲಸ ನೋಡಿ ಹೆಸರಿಡುವುದಾದರೆ ನನಗೆ ತುಂಬ ಹತ್ತಿರ ಕಂಡ ಪದ ಜಾಲಂದ್ರ. ಗದಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಕಲ್ಲಿನ ಜಾಲಂದ್ರ ನೋಡಿದವರಿಗೆ ಗೊತ್ತು. ಗೋಡೆಯ ಹಾಗೆ ತಡೆಯುತ್ತದೆ, ಆದರೂ ಬೆಳಕು ಗಾಳಿ ಒಳಗೆ ಬರುತ್ತವೆ. ನಮ್ಮ ಮುಚ್ಚಳ ಮಾಡುವುದೂ ಅದನ್ನೇ. ‘ಜಾಲಂದ್ರದ ಮುಚ್ಚಳ’ ಎಂದು ಒಮ್ಮೆ ಬರೆದೂ ನೋಡಿದೆ. ಹುಡುಗ ಓದಿ, “ಮಾಮಾ, ಇದನ್ನ ಅಂಗಡ್ಯಾಗ ಕೇಳಿದ್ರ ಯಾರೂ ಕೊಡೂದಿಲ್ಲ” ಅಂದ. ಅವನ ಮಾತು ಸರಿ. ಓದಿದವನು ಅಂಗಡಿಗೆ ಹೋಗಿ ಸಾಮಾನು ತರಬೇಕಲ್ವಾ?

ಇನ್ನು ಮೆಶ್‌ನ ತೂತಿಗೆ ಏನನ್ನಬೇಕು? ಇಡೀ ಕೆಲಸ ನಿಂತಿರುವುದೇ ಈ ತೂತಿನ ಅಳತೆಯ ಮೇಲೆ. ಸೊಳ್ಳೆ ಜಾಳಿಯಲ್ಲಿ ಒಂದಿಂಚಿಗೆ 16ರಿಂದ 18 ತೂತು ಇರುತ್ತವೆ. ಮೀನು ಹಾರುವುದಿಲ್ಲ, ನಿಜ. ಆದರೆ ಬೆಳಕನ್ನು ಜಾಸ್ತಿ ತಡೆಯುತ್ತದೆ. ಕೋಳಿ ಜಾಳಿಯ ತೂತು ತೀರಾ ದೊಡ್ಡದು. ಸಣ್ಣ ಮೀನು ನುಸುಳಿ ಹೋಗುತ್ತದೆ. ಮೇಲಾಗಿ ಅದು ಕಬ್ಬಿಣದ ತಂತಿ, ಉಪ್ಪುನೀರಿನ ಹನಿಗೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಜಾಳಿ ಅಂತೂ ಬೇಡವೇ ಬೇಡ. ಅದರಲ್ಲಿ ತಾಮ್ರ ಇದೆ, ತಾಮ್ರ ನೀರಿಗೆ ಇಳಿದರೆ ಸಿಗಡಿ, ಹವಳ ಸಾಯುತ್ತವೆ. ನಾವು ತಂದದ್ದು 6 ಮಿಲಿಮೀಟರ್ ತೂತಿನ, ನೋಡಿದರೂ ಕಾಣದಷ್ಟು ತೆಳು ಎಳೆಯ ಪಾರದರ್ಶಕ ನೈಲಾನ್.

ಆ ದಿನ ಅವ್ವನೂ ಅಲ್ಲೇ ಇದ್ದಳು. ಅವಳ ತವರು ಬೆಟಗೇರಿ, ಮಗ್ಗದ ಸದ್ದಿನಲ್ಲಿ ಬೆಳೆದವಳು. ನೈಲಾನನ್ನು ಕೈಗೆ ತಗೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಬೆರಳಿನಿಂದ ಎಳೆಗಳನ್ನು ಸ್ವಲ್ಪ ಎಳೆದು ನೋಡಿದಳು. “ಛಲೋ ಜಾಳ ಐತಿ. ಕಣ್ಣೂ ಒಂದ ಸಮ ಅದಾವ. ಇದರಾಗ ಕಡ್ಲಿ ನಿಲ್ತಾವ, ಹೆಸರ ಸೋರ್ತಾವ ನೋಡ” ಅಂದಳು. ನಾನು ಸುಮ್ನೆ ಕುಳಿತಿದ್ದವನು ಎದ್ದು ಹೋಗಿ ಡಬ್ಬಿಯಿಂದ ಕಾಳು ತಂದು ಹಾಕಿದೆ. ಕಡಲೆ ಮೇಲೆಯೇ ನಿಂತವು. ಹೆಸರುಕಾಳು ಒಂದೊಂದಾಗಿ ಕೆಳಗೆ ಬಿದ್ದವು.

ಆ ಒಂದು ಮಾತಿನಲ್ಲಿ ನನಗೆ ಎರಡು ಪದ ಸಿಕ್ಕವು. ಒಂದು ಕಣ್ಣು. ಬಲೆಯ ಕಣ್ಣು, ಸಾಣಿಗೆಯ ಕಣ್ಣು ಎಲ್ಲರೂ ಬಲ್ಲ ಬಳಕೆ. ಹಾಗಿರುವಾಗ ತೂತು, ರಂಧ್ರ, ಕಿಂಡಿ ಎಂದು ಯಾಕೆ ಹುಡುಕಬೇಕು? ‘6 ಮಿಲಿಮೀಟರ್ ಕಣ್ಣಿನ ಜಾಳಿ’ ಎಂದರೆ ಅಂಗಡಿಯವರಿಗೂ ತಿಳಿಯುತ್ತದೆ, ಓದುವವರಿಗೂ ತಿಳಿಯುತ್ತದೆ. ಇನ್ನೊಂದು ಜಾಳು. ನೇಯ್ಗೆ ಒತ್ತಾಗಿಲ್ಲದಿದ್ದರೆ ಅರಿವೆ ಜಾಳು, ನೀರು ಜಾಸ್ತಿಯಾದರೆ ಅಂಬಲಿಯೂ ಜಾಳು. ಸಾಮಾನ್ಯವಾಗಿ ಇದನ್ನು ದೋಷ ಹೇಳಲು ಬಳಸುತ್ತೇವೆ. ಅವ್ವ ಮಾತ್ರ ಮೆಚ್ಚಿ ಹೇಳಿದಳು. ಹೀಗೆ ಮೆಚ್ಚುಗೆಯ ಅರ್ಥದಲ್ಲಿ ಜಾಳು ನಿಮ್ಮ ಕಡೆಯೂ ಇದೆಯೇ?

ಮುಚ್ಚಳದ ಬಗ್ಗೆಯೂ ಒಂದು ಮಾತು. ಅವ್ವನ ಬಾಯಲ್ಲಿ ಅದು ‘ಮುಚ್ಚಳಿಕಿ’. ಅದನ್ನೇ ಬರಹಕ್ಕೆ ತಂದು ‘ಮುಚ್ಚಳಿಕೆ’ ಎಂದರೆ, ಕಚೇರಿಯಲ್ಲಿ ಬರೆದುಕೊಡುವ ಮುಚ್ಚಳಿಕೆ ನೆನಪಾಗುತ್ತದೆ. ಹಾಗಾಗಿ ಮುಚ್ಚಳ ಎಂದೇ ಇಟ್ಟಿದ್ದೇನೆ.

ಚೌಕಟ್ಟಿನ ಕೆಲಸದಲ್ಲಿ ಇನ್ನೊಂದು ತೊಡಕು ಬಂತು. ಅಲ್ಯೂಮಿನಿಯಂ ಪಟ್ಟಿಯ ಉದ್ದಕ್ಕೂ ಒಂದು ಸಣ್ಣ ಕಾಲುವೆಯಂಥ ಸೀಳು ಇರುತ್ತದೆ. ಜಾಳಿಯನ್ನು ನಾಲ್ಕೂ ಕಡೆ ಎರಡಿಂಚು ಹೆಚ್ಚು ಬಿಟ್ಟು ಹಾಸಬೇಕು. ಅದರ ಮೇಲೆ ರಬ್ಬರಿನ ಎಳೆ ಇಟ್ಟು, ಸಣ್ಣ ಗಾಲಿಯಿಂದ ಆ ಸೀಳಿನೊಳಗೆ ಒತ್ತುತ್ತ ಹೋಗಬೇಕು. ಆಮೇಲೆ ಉಳಿದದ್ದನ್ನು ಬ್ಲೇಡಿನಿಂದ ಕೊಯ್ಯಬೇಕು. ಜಾಸ್ತಿ ಎಳೆದು ಬಿಗಿದರೆ ಪಟ್ಟಿಯೇ ಒಳಕ್ಕೆ ಬಾಗುತ್ತದೆ. ನಮ್ಮದು ಮೊದಲ ಸಲ ಹಾಗೇ ಆಗಿ, ಎಲ್ಲಾ ಬಿಚ್ಚಿ ಮತ್ತೆ ಹಾಕಿದೆವು. ಗೋಕುಲ ರೋಡಿನಲ್ಲಿ ಕಿಟಕಿ ಮಾಡುವ ಹುಡುಗ ಈ ರಬ್ಬರ್ ಎಳೆಗೆ ಬೀಡಿಂಗ್ ಅಂದ, ಸೀಳಿಗೆ ಗ್ರೂವ್ ಅಂದ. ಹುರಿ ಎಂದು ಬರೆಯಲು ನನಗೆ ಆಸೆ. ಆದರೆ ಹುರಿ ಎಂದರೆ ಹೊಸೆದದ್ದು. ಇದು ಹೊಸೆದದ್ದಲ್ಲ. ಬೀಡಿಂಗ್ ಎಂದೇ ಬಿಡೋಣ ಅನ್ನಿಸುತ್ತದೆ. ಸೀಳಿಗೆ ಮಾತ್ರ ಬಡಿಗರಲ್ಲಿ ಹಳೆಯ ಪದ ಇದ್ದೇ ಇರಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಕೊನೆಯದು ನೀರಿನ ವಿಷಯ. ಜಾಳಿ ಮುಚ್ಚಳದಿಂದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ನೂರು ಲೀಟರಿನಲ್ಲಿ ಮೂರೂವರೆ ಕಿಲೋ ಉಪ್ಪು ಇದೆ ಎಂದುಕೊಳ್ಳಿ. ಐದು ಲೀಟರ್ ನೀರು ಹೋದರೆ ಲೀಟರಿಗೆ 35 ಗ್ರಾಂ ಇದ್ದದ್ದು ಸುಮಾರು 37 ಆಗುತ್ತದೆ. ಅದಕ್ಕೇ ಆಮೇಲೆ ಹಾಕುವುದು ಶುದ್ಧ ಸಿಹಿನೀರು, ಉಪ್ಪುನೀರಲ್ಲ. ಇಲ್ಲಿ ‘ನೀರು ಬತ್ತಿತು’ ಎಂದರೆ ಕೆರೆ ಬಾವಿ ನೆನಪಾಗುತ್ತದೆ, ‘ಇಂಗಿತು’ ಎಂದರೆ ನೆಲ ಕುಡಿದ ಹಾಗೆ. ನಾನು ‘ನೀರು ಇಳಿಯಿತು’ ಎಂದು ಬರೆದೆ. ಚೌಕಟ್ಟಿನ ಅಂಚಿಗೆ ಬೆಳ್ಳಗೆ ಕೂರುವ ಪುಡಿಗೆ ‘ಉಪ್ಪು ಹತ್ತುವುದು’, ನಾವು ಗೋಡೆಗೆ ಹೇಳುತ್ತೇವಲ್ಲ, ಹಾಗೆ. ಸವಳು ಎಂಬ ಒಳ್ಳೆಯ ಪದವೂ ಇದೆ. ಆದರೆ ನಮ್ಮ ರೈತರಿಗೆ ಸವಳು ಎಂದರೆ ಕೆಟ್ಟ ಹೊಲ, ಕೆಟ್ಟ ಬೋರ್‌ವೆಲ್ ನೀರು. ಬೇಕೆಂದೇ ಕಲಸಿದ ಕಡಲನೀರಿಗೆ ಅದನ್ನು ಹೇಳುವುದು ಸರಿಯೆನಿಸಲಿಲ್ಲ.

ಸದ್ಯಕ್ಕೆ ನನ್ನ ಕಾಗದದ ಮೇಲೆ ‘ಜಾಳಿ ಮುಚ್ಚಳ’ ಎಂದಿದೆ. ಕರಾವಳಿಯವರು ಬಲೆ ಎಂದೇ ಹೇಳಿ ಅನ್ನುವುದಾದರೆ ಕಾರಣ ತಿಳಿಸಿ, ಬದಲಿಸಲು ನಾನು ತಯಾರು. ಹಾವೇರಿ ಕಡೆ ಎತ್ತಿಗೆ ಬಾಯಿಕುಕ್ಕೆ ಹೆಣೆಯುವವರು ಅದರ ತೂತಿಗೂ ಕಣ್ಣು ಎನ್ನುತ್ತಾರೆಯೇ, ಬೇರೆ ಹೆಸರಿದೆಯೇ? ಆ ಹುಡುಗ ಪಟ್ಟಿ, ಬೀಡಿಂಗ್ ಎಲ್ಲಾ ತಂದಿಟ್ಟು ನನ್ನ ಬರಹಕ್ಕೆ ಕಾಯುತ್ತಿದ್ದಾನೆ. ಅವನ ತೊಟ್ಟಿ ಇನ್ನೂ ತೆರೆದೇ ಇದೆ.